ಪುನರ್ಪುಳಿ ಲೇಬಲ್ಲಿಗೆ ಬಾಟಲಿ ಇಂಕ್: ತುಳು ತಿಂಗಳು ಪಗ್ಗುವಿನಿಂದ (ಏಪ್ರಿಲ್) ಸೋಣದವರೆಗೆ (ಆಗಸ್ಟ್)

ಪಗ್ಗು

ಅತ್ತಿಗೆಯ ಪುನರ್ಪುಳಿ ಸಿರಪ್ಪಿಗೆ ಈ ವರ್ಷ ಲೇಬಲ್ ಮನೆಯಲ್ಲೇ ಪ್ರಿಂಟ್ ಮಾಡುವುದು ಅಂತ ತೀರ್ಮಾನವಾಗಿದೆ. ಪ್ರೆಸ್ಸಿನವರಿಗೆ ಸಾವಿರಗಟ್ಟಲೆ ಆರ್ಡರ್ ಬೇಕು. ನಮಗೆ ಒಂದು ಸಲಕ್ಕೆ ಬೇಕಾಗುವುದು ಐವತ್ತೋ ಅರವತ್ತೋ. ಅದರಲ್ಲೂ ಹಲಸಿನ ಹಪ್ಪಳಕ್ಕೆ ಬೇರೆ, ಮಿಡಿ ಉಪ್ಪಿನಕಾಯಿಗೆ ಬೇರೆ.

ಮನೆಯಲ್ಲಿರುವುದು ಹಳೆಯ ಕ್ಯಾನನ್ ಪಿಕ್ಸ್ಮಾ. ಅದರ ಕಾರ್ಟ್ರಿಡ್ಜ್, ಅಂದರೆ ಇಂಕಿನ ಡಬ್ಬಿ, ಕಪ್ಪಿಗೆ ಪಿಜಿ-745, ಬಣ್ಣಕ್ಕೆ ಸಿಎಲ್-746. ಎರಡೂ ಸುಮಾರು 180 ಪುಟದ ಲೆಕ್ಕದವು. ಆ ಲೆಕ್ಕ ಪುಟದ ತುಂಬಾ ಬಣ್ಣ ಬಳಿದು ಮಾಡಿದ್ದಲ್ಲ, ಅಲ್ಲಲ್ಲಿ ಸ್ವಲ್ಪ ಅಕ್ಷರ, ಸ್ವಲ್ಪ ಚಿತ್ರ ಇರುವ ಪುಟದ್ದು. ಕಡುಗೆಂಪು ಹಣ್ಣಿನ ಚಿತ್ರ ತುಂಬಿದ ಲೇಬಲ್ ಹಾಳೆ ಹೊಡೆದರೆ ಬಣ್ಣದ ಕಾರ್ಟ್ರಿಡ್ಜ್ ಕಣ್ಣೆದುರೇ ಖಾಲಿಯಾಗುತ್ತದೆ. ಹೊಸ ಜೋಡಿ ತರುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಇಂಥದ್ದೇ ಹೊಸ ಪ್ರಿಂಟರ್ ಬರುತ್ತದೆ. ಈ ವ್ಯಾಪಾರದ ಗುಟ್ಟು ಎಲ್ಲರಿಗೂ ಗೊತ್ತಿರುವುದೇ ಅಲ್ವಾ.

ಪಿಜಿ-745ರಲ್ಲಿ ಇರುವುದು 8 ಮಿಲಿ ಇಂಕ್, ಸಿಎಲ್-746ರಲ್ಲಿ ಮೂರೂ ಬಣ್ಣ ಸೇರಿ 9 ಮಿಲಿ. ಬಾಟಲಿ ಇಂಕ್ ಬರುವುದು 100 ಮಿಲಿಯದು. ಒಂದು ಬಾಟಲಿಯಲ್ಲಿ ಕಪ್ಪು ಕಾರ್ಟ್ರಿಡ್ಜನ್ನು ಹನ್ನೆರಡು ಸಲ ತುಂಬಬಹುದು. ಹಾಗಾಗಿ ಬಾಟಲಿಯೇ ಸೈ.

ಇಂಕ್ ಕೊಳ್ಳುವಾಗ ನಾನು ಬ್ರಾಂಡಿಗಿಂತ ಜಾಸ್ತಿ ನೋಡಿದ್ದು ಎರಡು ವಿಷಯ. ಮೊದಲನೆಯದು, ಕಪ್ಪು ಪಿಗ್ಮೆಂಟ್ ಆಗಿರಬೇಕು, ಬಣ್ಣ ಮೂರೂ ಡೈ ಆಗಿರಬೇಕು. ಈ ಜೋಡಿಯಲ್ಲಿ ಕಂಪನಿಯಿಂದ ಬರುವುದೂ ಹಾಗೆಯೇ. ಡೈ ಅಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಅಂದರೆ ನೀರಿನಲ್ಲಿ ತೇಲುವ ನುಣ್ಣನೆಯ ಪುಡಿ, ಅದು ಕಾಗದದ ಮೇಲೆ ಕೂತುಬಿಡುತ್ತದೆ. ಎರಡನೆಯದು, ಎಪ್ಸನ್ನಿಗೆ ಅಂತ ಬರೆದ ಇಂಕ್ ಇದಕ್ಕೆ ಬೇಡ. ಎಪ್ಸನ್ ಹೆಡ್ (ಇಂಕ್ ಹಾರಿಸುವ ಭಾಗ) ಪಿಜೋ. ಕರೆಂಟ್ ಕೊಟ್ಟಾಗ ಒಂದು ಹರಳು ಬಾಗಿ ಇಂಕನ್ನು ಒತ್ತುತ್ತದೆ, ಬಿಸಿಯ ಮಾತೇ ಇಲ್ಲ. ಕ್ಯಾನನ್, ಎಚ್‌ಪಿ ಇಂಕನ್ನು ಕುದಿಸಿ ಹಾರಿಸುತ್ತವೆ. ಕುದಿಸಲು ಮಾಡದ ಇಂಕ್ ಹಾಕಿದರೆ ಒಳಗಿನ ಪುಟ್ಟ ಹೀಟರುಗಳ ಮೇಲೆ ಕರಕು ಕಟ್ಟುತ್ತದೆ.

ಬೇಶ

ಕಲ್ಸಂಕದ ಹತ್ತಿರದ ಮೆಡಿಕಲ್‌ನಲ್ಲಿ 5 ಮಿಲಿ ಸಿರಿಂಜ್ ಕೇಳಿದೆ. ಒಂದೇ ಸಲಕ್ಕೆ ನಾಲ್ಕು ಅಂದಾಗ ಅಂಗಡಿಯವರು ನನ್ನ ಮುಖ ಒಮ್ಮೆ ನೋಡಿದರು. ಪ್ರಿಂಟರಿಗೆ ಅಂದೆ. ಆಮೇಲೆ ಸೂಜಿ ಉದ್ದದ್ದು ಬೇಕಾ ಗಿಡ್ಡದ್ದು ಸಾಕಾ ಅಂತ ಅವರೇ ಕೇಳಿದರು. ಈ ಊರಲ್ಲಿ ನಾನೊಬ್ಬನೇ ಅಲ್ಲ ಅಂತಾಯಿತು.

ಸಿರಿಂಜಿಗೂ ಈ ಪ್ರಿಂಟರಿಗೂ ಹಳೆಯ ನಂಟಿದೆ. 1977ರಲ್ಲಿ ಕ್ಯಾನನ್‌ನ ಪ್ರಯೋಗಶಾಲೆಯಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಾಗಿ, ಸೂಜಿಯ ತುದಿಯಿಂದ ಇಂಕ್ ಚಿಮ್ಮಿತಂತೆ. ಇಂಕನ್ನು ಕುದಿಸಿ ಹಾರಿಸುವ ಬಬಲ್ ಜೆಟ್ ಹುಟ್ಟಿದ್ದು ಅಲ್ಲಿಂದ.

ತುಂಬುವ ಕೆಲಸ ಹೀಗೆ. ಕಾರ್ಟ್ರಿಡ್ಜ್ ಮೇಲಿನ ಸ್ಟಿಕ್ಕರ್ ಕಿತ್ತರೆ ತೂತುಗಳು ಕಾಣುತ್ತವೆ. ಬಣ್ಣದ್ದರಲ್ಲಿ ಯಾವ ತೂತು ಯಾವ ಬಣ್ಣದ್ದು ಅಂತ ಚಿತ್ರ ನೋಡಿ ನಂಬುವುದಕ್ಕಿಂತ ಟೂತ್‌ಪಿಕ್ ಇಳಿಸಿ ನೋಡುವುದು ವಾಸಿ. ಒಂದೊಂದಕ್ಕೂ ಹೊಸ ಕಡ್ಡಿ. ತುದಿ ಯಾವ ಬಣ್ಣ ಹೊತ್ತು ಬರುತ್ತದೋ ಅದೇ ಅಲ್ಲಿಯ ಬಣ್ಣ. ಒಳಗೆ ಇರುವುದು ಸ್ಪಂಜ್. ಸೂಜಿ ಸ್ಪಂಜಿನ ನಡುವಿಗೆ ಬಂದರೆ ಸಾಕು. ತಳದಲ್ಲಿ ಒಂದು ನವಿರಾದ ಜಾಲರಿ ಇದೆ, ಅದಕ್ಕೆ ಚುಚ್ಚಿದರೆ ಕಾರ್ಟ್ರಿಡ್ಜ್ ಕಥೆ ಮುಗಿಯಿತು. ಕಪ್ಪಿಗೆ ಆರೇಳು ಮಿಲಿ, ಬಣ್ಣಗಳಿಗೆ ತಲಾ ಎರಡರಿಂದ ಎರಡೂವರೆ. ನಿಧಾನ, ತುಂಬಾ ನಿಧಾನ. ಗಡಿಬಿಡಿಯಲ್ಲಿ ತಳ್ಳಿದರೆ ಸ್ಪಂಜಿನೊಳಗೆ ಗಾಳಿಗುಳ್ಳೆ ಉಳಿದು ಇಂಕ್ ಕೆಳಗೆ ಇಳಿಯುವುದೇ ಇಲ್ಲ. ತೂತಿನ ಬಾಯಲ್ಲಿ ಇಂಕ್ ಹೊಳೆದರೆ ನಿಲ್ಲಿಸಿ, ಕಾಲು ಮಿಲಿ ಹಿಂದಕ್ಕೆ ಎಳೆಯುವುದು.

ಇನ್ನು ಮುಚ್ಚುವ ವಿಷಯ. ಮಣಿಪಾಲದ ಒಂದು ಅಂಗಡಿಯಲ್ಲಿ ರೀಫಿಲ್ ಮಾಡಿಸಿದ ಕಾರ್ಟ್ರಿಡ್ಜನ್ನು ಗೆಳೆಯನೊಬ್ಬ ತೋರಿಸಿದ. ನಾಲ್ಕು ಪುಟ ಚೆನ್ನಾಗಿ ಬಂದು ಆಮೇಲೆ ಮಸುಕು, ಅರ್ಧ ಗಂಟೆ ಬಿಟ್ಟರೆ ಮತ್ತೆ ಚೆನ್ನ. ಇಂಕ್ ಕಳಪೆ ಅಂತ ಅವನ ದೂರು. ಮೇಲೆ ನೋಡಿದರೆ ಸೆಲ್ಲೋಟೇಪ್ ಬಿಗಿಯಾಗಿ ಸುತ್ತಿದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲವಲ್ಲ, ಇದೂ ಅದೇ. ಮುಚ್ಚಳದ ಮೇಲೆ ಹಾವಿನಂತೆ ಸುತ್ತಿದ ಸಣ್ಣ ಗೀರುಗಳಿವೆ. ಗಾಳಿ ಒಳಹೋಗುವುದು ಅವುಗಳಲ್ಲಿ. ಕಂಪನಿಯ ಸ್ಟಿಕ್ಕರ್ ಆ ಗೀರಿನ ಒಂದು ತುದಿಯನ್ನು ಮುಚ್ಚದೆ ಬಿಟ್ಟಿರುತ್ತದೆ. ಟೇಪ್ ಕಿತ್ತು ಹಳೆಯ ಸ್ಟಿಕ್ಕರನ್ನೇ ಸಡಿಲವಾಗಿ ಅಂಟಿಸಿದೆವು. ಅದೇ ಇಂಕ್, ಅದೇ ಕಾರ್ಟ್ರಿಡ್ಜ್, ಪುಟದ ಮೇಲೆ ಪುಟ ಬಂತು. ಇಂಕಿನ ಮೇಲೆ ಬರುವ ಅರ್ಧ ದೂರುಗಳು ಗಾಳಿಯವು ಅನ್ನುವುದು ನನ್ನ ಲೆಕ್ಕ.

ತುಂಬಿದ ಮೇಲೆ ಟಿಶ್ಯೂ ಪೇಪರ್ ಮಡಚಿ ಅದರ ಮೇಲೆ ಕಾರ್ಟ್ರಿಡ್ಜಿನ ತಳದ ಹೆಡ್ ಒತ್ತಿ ಇಟ್ಟರೆ ಬಣ್ಣದ ಪಟ್ಟೆಗಳು ಮೂಡುತ್ತವೆ. ಮೂರೂ ಬೇರೆ ಬೇರೆಯಾಗಿ, ಚೊಕ್ಕವಾಗಿ ಬಂದರೆ ಸರಿ. ಒಂದರೊಳಗೊಂದು ಹರಿದರೆ ಜಾಸ್ತಿ ತುಂಬಿದೆ ಅಂತ ಅರ್ಥ, ಇನ್ನಷ್ಟು ಹೊತ್ತು ಟಿಶ್ಯೂ ಕುಡಿಯಲಿ.

ಇಂಕ್ ಖಾಲಿ ಅಂತ ಪ್ರಿಂಟರ್ ಹಟ ಹಿಡಿಯುತ್ತದೆ: ಇ13, ಆಮೇಲೆ ಇ16. ಸ್ಟಾಪ್ ಬಟನ್ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದರೆ ಸುಮ್ಮನಾಗುತ್ತದೆ. ಅಲ್ಲಿಂದ ಮುಂದೆ ಆ ಕಾರ್ಟ್ರಿಡ್ಜಿನಲ್ಲಿ ಎಷ್ಟಿದೆ ಅಂತ ಅದು ಹೇಳುವುದೂ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದೇ ಇದೆ. ತುಂಬಿದ ಕೂಡಲೇ ತೂಕ ಬರೆದಿಡುತ್ತೇನೆ. ಒಂದು ಮಿಲಿಗೆ ಹೆಚ್ಚುಕಡಿಮೆ ಒಂದು ಗ್ರಾಂ. ಕಪ್ಪು ಐದು ಗ್ರಾಂ ಇಳಿಯಿತೋ, ಮತ್ತೆ ತುಂಬುವುದು. ಪೂರ್ತಿ ಬತ್ತುವವರೆಗೆ ಕಾಯಬಾರದು. ಇಂಕಿಲ್ಲದೆ ಹೀಟರ್ ಉರಿದರೆ ಸುಟ್ಟೇ ಹೋಗುತ್ತದೆ.

ಕಾರ್ತೆಲ್

ಲೇಬಲ್ ಚಂದ ಬಂತು. ಬಾಟಲಿಗೆ ಅಂಟಿಸಿ ಫ್ರಿಜ್ಜಿನಲ್ಲಿಟ್ಟು ತೆಗೆದೆವು. ಬಾಟಲಿ ಬೆವರಿತು. ಹಣ್ಣಿನ ಕೆಂಪು ಕೆಳಗೆ ಇಳಿಯಿತು, ಅದು ಡೈ, ನಿರೀಕ್ಷೆ ಇತ್ತು. ಆದರೆ ಕಪ್ಪು ಅಕ್ಷರವೂ ಇಳಿಯಿತು! ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯ 14 ಅಂಕಿ ನೇರಳೆ ಕಲೆಯಾಗಿ ಹರಡಿತು. ಪಿಗ್ಮೆಂಟ್ ಅಂತ ಬಾಟಲಿ ಮೇಲೆ ಬರೆದದ್ದು ಸುಳ್ಳಾ ಅಂತ ಅತ್ತಿಗೆ ಕೇಳಿದಳು.

ಕಪ್ಪು ನೇರಳೆಯಾಗಿ ಒಡೆದದ್ದೇ ಸುಳಿವು. ಪಿಗ್ಮೆಂಟ್ ಕಪ್ಪು ಹಾಗೆ ಒಡೆಯುವುದಿಲ್ಲ. ಸ್ಟಿಕ್ಕರ್ ಹಾಳೆ ಅಂತ ಡ್ರೈವರಿನಲ್ಲಿ (ಕಂಪ್ಯೂಟರಿನಲ್ಲಿರುವ ಪ್ರಿಂಟರ್ ಸಾಫ್ಟ್‌ವೇರ್) ಕಾಗದದ ಬಗೆ ಫೋಟೋ ಪೇಪರ್ ಅಂತ ಆರಿಸಿತ್ತು. ಈ ಜಾತಿಯ ಪ್ರಿಂಟರ್ ಹೊಳಪಿನ ಫೋಟೋ ಪೇಪರ್ ಅಂದ ತಕ್ಷಣ ಪಿಗ್ಮೆಂಟ್ ಕಪ್ಪನ್ನು ಬದಿಗಿಟ್ಟು, ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಪಿಗ್ಮೆಂಟ್ ಹೊಳಪಿನ ಮೇಲೆ ಕಚ್ಚಿಕೊಳ್ಳುವುದಿಲ್ಲ, ಅದಕ್ಕೆ. ಹೊಳಪಿಲ್ಲದ ಮ್ಯಾಟ್ ಸ್ಟಿಕ್ಕರ್ ತಂದು, ಡ್ರೈವರಿನಲ್ಲಿ ಪ್ಲೇನ್ ಪೇಪರ್ ಅಂತ ಆರಿಸಿ ಹೊಡೆದೆ. ಅದೇ ಫೈಲ್. ಈ ಸಲ ಬೆರಳಿಗೆ ನೀರು ಮುಟ್ಟಿಸಿ ತಿಕ್ಕಿದರೂ 14 ಅಂಕಿ ಅಲ್ಲಾಡಲಿಲ್ಲ. ಚಿತ್ರಕ್ಕೆ ಮಾತ್ರ ಅಗಲದ ಪಾರದರ್ಶಕ ಟೇಪ್ ಹೊದೆಸುತ್ತಿದ್ದೇವೆ. ಇಷ್ಟು ದಿನದ ಕೆಲಸದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಸಂಗತಿ ಇದು. ಇಂಕ್ ಒರಿಜಿನಲ್ಲಾ, ಬಾಟಲಿದಾ ಅನ್ನುವುದಕ್ಕಿಂತ ಯಾವ ಇಂಕ್ ಯಾವ ಕಾಗದದ ಮೇಲೆ ಬೀಳುತ್ತಿದೆ ಅನ್ನುವುದೇ ಮುಖ್ಯ.

ಈ ಕರಾವಳಿಯಲ್ಲಿ ಮಳೆಗಾಲದಲ್ಲಿ ಅಚ್ಚು ಹಾಕಿದವರು ಹಿಂದೆಯೂ ಇದ್ದಾರೆ. ಜರ್ಮನ್ ಪಾದ್ರಿ ಮೋಗ್ಲಿಂಗ್ ಅವರ ಪತ್ರಿಕೆ ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಬಂದದ್ದು 1843ರ ಜುಲೈ 1ರಂದು, ಸರಿಯಾಗಿ ಇದೇ ಕಾರ್ತೆಲಿನಲ್ಲಿ. ಅದು ಕಲ್ಲಚ್ಚು. ಕಲ್ಲಚ್ಚಿನ ಶಾಯಿ ಜಿಡ್ಡಿನದು, ಕಲ್ಲಿಗೆ ನೀರು ಸವರಿಯೇ ಅಚ್ಚು ಹಾಕುತ್ತಾರೆ. ನೀರಿಗೆ ಹೆದರುವ ಪ್ರಶ್ನೆಯೇ ಇಲ್ಲ. ನಮ್ಮದು ಬಣ್ಣ ಕಲಸಿದ ನೀರು, ಹೆದರಲೇಬೇಕು.

ಇನ್ನೊಂದು ಈ ತಿಂಗಳದ್ದೇ ತೊಂದರೆ. ಗುಡುಗು ಶುರುವಾದರೆ ಮನೆಯಲ್ಲಿ ಎಲ್ಲರೂ ಪ್ಲಗ್ ಕೀಳಲು ಓಡುತ್ತಾರೆ. ಟಿವಿಗೆ ಅದು ಸರಿ. ಪ್ರಿಂಟರ್ ಹೊಡೆಯುತ್ತಿರುವಾಗ ಪ್ಲಗ್ ಕಿತ್ತರೆ ಹೆಡ್ ನಡುದಾರಿಯಲ್ಲೇ ನಿಂತು, ಅದರ ಬಾಯಿ ತೆರೆದೇ ಉಳಿದು ಒಣಗುತ್ತದೆ. ಬಟನ್ ಒತ್ತಿ ಆಫ್ ಮಾಡಿದರೆ ಮಾತ್ರ ಅದು ಬದಿಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಮೊದಲು ಬಟನ್, ಆಮೇಲೆ ಪ್ಲಗ್ ಅಂತ ಚೀಟಿ ಅಂಟಿಸಿದ್ದೇನೆ. ಪಿಗ್ಮೆಂಟ್ ಕಪ್ಪಿನಲ್ಲೇ ಪ್ರಿಂಟ್ ಮಾಡಿದ ಚೀಟಿ.

ಆಟಿ

ಹೆಡ್ ಒಣಗುವ ಚಿಂತೆ ಈಗ ಕಡಿಮೆ. ತೇವಕ್ಕೆ ನಾಝಲ್ (ಇಂಕ್ ಹಾರುವ ಸಣ್ಣ ತೂತು) ತೆರೆದೇ ಇರುತ್ತದೆ. ಪೆಟ್ಟು ಬೀಳುವುದು ಕಾಗದಕ್ಕೆ. ಹೊರಗಿಟ್ಟ ಸ್ಟಿಕ್ಕರ್ ಹಾಳೆ ಸಂಜೆಯೊಳಗೆ ಅಂಚು ಮಡಚಿಕೊಂಡು ರೋಲರಿನಲ್ಲಿ ಸಿಕ್ಕಿಬೀಳುತ್ತದೆ. ಈಗ ಹಾಳೆಗಳೆಲ್ಲ ಜಿಪ್ ಕವರಿನಲ್ಲಿ, ಜೊತೆಗೆ ಶೂ ಡಬ್ಬದಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳು. ಬೇಕಾದಷ್ಟೇ ಹೊರಗೆ. ಹೊಡೆದ ಹಾಳೆಯನ್ನು ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಿಸಿಯೇ ಟೇಪ್ ಹೊದೆಸುವುದು. ಇಲ್ಲದಿದ್ದರೆ ಒಳಗಿನ ತೇವಕ್ಕೆ ಕೆಂಪಿನ ಅಂಚು ತಾನಾಗಿಯೇ ಮಂಜಾಗುತ್ತದೆ.

ಬಿಸಿಲು ಬಂದಾಗ ಕಿಟಕಿಯಲ್ಲಿ ಒಂದು ಪರೀಕ್ಷೆ ಹಾಳೆ ಇಟ್ಟಿದ್ದೇನೆ, ಅರ್ಧಕ್ಕೆ ರಟ್ಟು ಮುಚ್ಚಿ. ಬಾಟಲಿಯ ಮಜೆಂಟಾ (ಗುಲಾಬಿಗೆಂಪು) ಮೊದಲು ಸೋಲುತ್ತಿದೆ, ಕಪ್ಪು ಹಾಗೇ ಇದೆ. ಗೋಡೆಗೆ ಹಾಕುವ ಫೋಟೋ ಆಗಿದ್ದರೆ ಈ ಇಂಕ್ ನಾನು ಬಳಸುತ್ತಿರಲಿಲ್ಲ. ಸಿರಪ್ಪಿನ ಬಾಟಲಿ ಅಷ್ಟು ದಿನ ಉಳಿಯುವುದಿಲ್ಲ ಬಿಡಿ.

ಇಂಕ್ ಟ್ಯಾಂಕಿನ ಪ್ರಿಂಟರ್ ತಗೋಬಾರದಾ ಅಂತ ಕೇಳುವವರಿದ್ದಾರೆ. ಎಪ್ಸನ್ ಅದನ್ನು ಮೊದಲು ಬಿಟ್ಟದ್ದು 2010ರಲ್ಲಿ, ಇಂಡೋನೇಷ್ಯಾದಲ್ಲಿ. ಅಲ್ಲಿ ಜನ ಕಾರ್ಟ್ರಿಡ್ಜ್ ಪ್ರಿಂಟರಿಗೆ ತಾವೇ ಹೊರಗಿಂದ ಟ್ಯೂಬು, ಟ್ಯಾಂಕು ಜೋಡಿಸಿಕೊಂಡಿದ್ದರು, ಕಂಪನಿ ಅದನ್ನೇ ಕಾರ್ಖಾನೆಯಲ್ಲಿ ಮಾಡಿ ಕೊಟ್ಟಿತು. ದಿನಾ ಪ್ರಿಂಟ್ ಮಾಡುವವರಿಗೆ ಒಳ್ಳೆಯದೇ. ನಮ್ಮದು ಹಬ್ಬ, ಸೀಸನ್ ನೋಡಿ ಹೊಡೆಯುವುದು. ನಡುವೆ ತಿಂಗಳುಗಟ್ಟಲೆ ಸುಮ್ನೆ ಕೂರುತ್ತದೆ. ಅದರಲ್ಲಿ ಹೆಡ್ ಪ್ರಿಂಟರಿನ ಒಳಗೇ ಇರುತ್ತದೆ, ಕಟ್ಟಿಕೊಂಡರೆ ಖರ್ಚು ದೊಡ್ಡದು. ಇದರಲ್ಲಿ ಹೆಡ್ ಕಾರ್ಟ್ರಿಡ್ಜಿನಲ್ಲೇ ಇದೆ, ಕೆಟ್ಟರೆ ಅದೊಂದು ಬದಲಾಯಿಸಿದರಾಯಿತು.

ಸೋಣ

ಬದಲಾಯಿಸುವ ಹೊತ್ತು ಬಂದಿದೆ. ನಾಝಲ್ ಚೆಕ್‌ನಲ್ಲಿ ಸಯಾನ್ (ತಿಳಿನೀಲಿ) ಪಟ್ಟಿಯ ನಡುವೆ ಬಿಳಿ ಗೀಟು. ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರ್, ಅಂದರೆ ಇನ್ವರ್ಟರಿಗೆ ಹಾಕುವ ಅದೇ ನೀರು, ಟಿಶ್ಯೂವಿಗೆ ಹಾಕಿ ಹೆಡ್ಡನ್ನು ಅದರ ಮೇಲೆ ಕೂರಿಸಿಟ್ಟೆ. ಟಿಶ್ಯೂ ಮೇಲೆ ಸಯಾನ್ ಧಾರಾಳವಾಗಿ ಇಳಿಯಿತು. ಪ್ರಿಂಟಿನಲ್ಲಿ ಗೀಟು ಹಾಗೇ ಇದೆ, ಅದೇ ಜಾಗದಲ್ಲಿ. ಇಂಕ್ ಬರುತ್ತಿದೆ, ಹಾರುತ್ತಿಲ್ಲ ಅಂದರೆ ಅಲ್ಲಿಯ ಹೀಟರುಗಳು ಹೋಗಿವೆ. ಡೀಪ್ ಕ್ಲೀನಿಂಗ್ ಮೇಲೆ ಡೀಪ್ ಕ್ಲೀನಿಂಗ್ ಕೊಟ್ಟು ಪ್ರಯೋಜನವಿಲ್ಲ. ಹಾಗೆ ಚೆಲ್ಲಿದ ಇಂಕೆಲ್ಲ ತಳದ ಪ್ಯಾಡಿಗೆ ಹೋಗಿ ಸೇರುತ್ತದೆ, ಅದು ತುಂಬಿದರೆ 5ಬಿ00 ಅಂತ ಪ್ರಿಂಟರೇ ಮುಷ್ಕರ ಹೂಡುತ್ತದೆ.

ಕಿತ್ತು ಬಿಸಾಡುವ ಹಾಗೂ ಇಲ್ಲ. ಎರಡು ಕಾರ್ಟ್ರಿಡ್ಜೂ ಕೂತಿರದಿದ್ದರೆ ಇದು ಕಪ್ಪನ್ನೂ ಹೊಡೆಯುವುದಿಲ್ಲ. ಹಾಗಾಗಿ ಸದ್ಯಕ್ಕೆ ಅದು ಅಲ್ಲೇ ಕೂತಿರಲಿ. ಚೌತಿಗೆ ಬೇಕಾಗಿರುವುದು ಹಪ್ಪಳದ ಲೇಬಲ್, ಅದಕ್ಕೆ ಕಪ್ಪೊಂದೇ ಸಾಕು, ಹಳದಿ ಬಣ್ಣದ ಸ್ಟಿಕ್ಕರ್ ಹಾಳೆ ತಂದಾಗಿದೆ. ನವರಾತ್ರಿಗೆ ಮೊದಲು ಸಿಎಲ್-746 ಎಕ್ಸ್‌ಎಲ್ ತರಬೇಕು. ಹೊರಗಿನ ಗಾತ್ರ ಅದೇ, ಒಳಗೆ 13 ಮಿಲಿ. ಬಾಟಲಿಗಳಲ್ಲಿ ಸಯಾನ್ ಮತ್ತು ಹಳದಿ ಅರ್ಧಕ್ಕಿಂತ ಜಾಸ್ತಿ ಉಳಿದಿವೆ. ಪುನರ್ಪುಳಿಯ ದೆಸೆಯಿಂದ ಮಜೆಂಟಾ ಮಾತ್ರ ತಳ ಕಂಡಿದೆ, ಅದೊಂದನ್ನು ಅದೇ ಬ್ರಾಂಡಿನದ್ದೇ ಹುಡುಕಬೇಕು.