ಕಥಾಸಾರವನ್ನು ದಾಟಿದ ಪುಸ್ತಕ ಪರಿಚಯ

ಪ್ರೌಢಶಾಲೆಯ ಮಕ್ಕಳಿಗೆ ‘ಒಂದು ಕಾದಂಬರಿಯನ್ನು ಓದಿ ಪುಸ್ತಕ ಪರಿಚಯ ಬರೆಯಿರಿ’ ಎಂದು ಹೇಳಿದಾಗ ಕೈಗೆ ಬರುವ ಬರಹಗಳು ಬಹುಮಟ್ಟಿಗೆ ಒಂದೇ ಬಗೆಯವು: ಲೇಖಕರ ಹುಟ್ಟೂರು, ಪ್ರಶಸ್ತಿಗಳು, ಬೆನ್ನುಡಿಯಿಂದ ಎತ್ತಿಕೊಂಡ ನಾಲ್ಕು ಸಾಲು, ಕಥಾಸಾರ, ಕೊನೆಗೆ ‘ಈ ಕೃತಿಯಿಂದ ತಿಳಿಯುವ ನೀತಿ’. ಇದಕ್ಕಾಗಿ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಶಾಲೆಯಲ್ಲಿ ಬರೆಸುವ ಶೀರ್ಷಿಕೆಗಳೇ ಅವು, ಅಂಕಗಳೂ ಅವಕ್ಕೇ ಸಲ್ಲುತ್ತವೆ. ಆದರೆ ಹೀಗೆ ಬರೆದ ಬರಹದಲ್ಲಿ ಮಗು ಪುಸ್ತಕವನ್ನು ಓದಿದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಓದುವಾಗ ತನ್ನನ್ನು ಕಾಡಿದ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಬರೆಯುವುದು ಇದಕ್ಕಿಂತ ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ವನ್ನೇ ನೋಡಬಹುದು. ‘ಕೆಲವರು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ’ ಎಂದುಬಿಟ್ಟರೆ ಅದರ ಕಥಾಸಾರ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಊರಿನವರು ಲೆಕ್ಕಕ್ಕೇ ಇಟ್ಟುಕೊಳ್ಳದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಅವರಿಗೆ ಕಂಡದ್ದು ಏನು? ಈ ಪ್ರಶ್ನೆಯನ್ನು ಎತ್ತಿಕೊಂಡ ಹುಡುಗಿಯೊಬ್ಬಳು ಮಂದಣ್ಣ ಕಾಣಿಸಿಕೊಳ್ಳುವ ಪುಟಗಳಿಗೆಲ್ಲ ಮತ್ತೆ ಹೋಗಬೇಕಾಗುತ್ತದೆ. ಜೇನಿನ ವಿಷಯದಲ್ಲಿ ಅವನಿಗಿರುವ ತಿಳಿವಳಿಕೆಯನ್ನೂ, ಮದುವೆ ಮತ್ತು ನೌಕರಿಗಾಗಿ ಅವನು ಪಡುವ ಹಂಬಲವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಆಗ ಪಾತ್ರಪರಿಚಯವೆಂಬ ಪ್ರತ್ಯೇಕ ಶೀರ್ಷಿಕೆ ಬೇಕಾಗುವುದೇ ಇಲ್ಲ.

ಕಥೆಯನ್ನು ಹೇಳುವವರು ಯಾರು ಎಂಬುದನ್ನೂ ಮಕ್ಕಳು ಗಮನಿಸಬೇಕು. ಪುಸ್ತಕದ ಹೆಸರು ವಿಜ್ಞಾನಿಯದು, ನಮ್ಮೊಡನೆ ಮಾತನಾಡುವವನು ಮಾತ್ರ ಮಲೆನಾಡಿನ ಒಬ್ಬ ಕೃಷಿಕ. ಆದ್ದರಿಂದ ಕರ್ವಾಲೊ ಅವರ ಮೇಲೆ ಅವನಿಗೆ ಮೂಡುವ ಕುತೂಹಲ, ಅನುಮಾನ, ಗೌರವ ಎಲ್ಲವೂ ಅವನ ಮೂಲಕವೇ ನಮ್ಮನ್ನು ತಲುಪುತ್ತವೆ. ನಿರೂಪಕನೂ ಮೂಡಿಗೆರೆಯ ಬಳಿ ತೋಟ ಮಾಡಿಕೊಂಡಿದ್ದ ತೇಜಸ್ವಿಯವರೂ ಒಬ್ಬರೇ ಎಂದು ಅವಸರದಲ್ಲಿ ಬರೆದುಬಿಡುವುದು ಸುಲಭ, ಆದರೆ ಕಾದಂಬರಿಯನ್ನು ಕಾದಂಬರಿಯಾಗಿ ಓದಲು ಕಲಿಯುವ ಮಗು ಅಲ್ಲಿ ಒಂದು ಕ್ಷಣ ತಡೆದು ಯೋಚಿಸಬೇಕು.

ಹಾರುವ ಓತಿಯ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅಡಿಕೆ ತೋಟಗಳಲ್ಲಿಯೂ ಈ ಪ್ರಾಣಿ ನಿಜವಾಗಿಯೂ ಇದೆ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ, ನೀಳವಾದ ಪಕ್ಕೆಲುಬುಗಳ ಆಧಾರದಿಂದ ಮೈಯ ಇಕ್ಕೆಲದ ಚರ್ಮವನ್ನು ಬಿಡಿಸಿ ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಇಷ್ಟನ್ನು ತಿಳಿದುಕೊಂಡು, ಅಪರೂಪದ ಈ ಜೀವಿಗೆ ಕಾದಂಬರಿ ಯಾವ ಅರ್ಥವನ್ನು ಹೊರಿಸಿದೆ ಎಂದು ಕೇಳಿದರೆ ಬರಹಕ್ಕೆ ತೂಕ ಬರುತ್ತದೆ. ಕೊನೆಯಲ್ಲಿ ಅದು ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಇದು ಹುಡುಕಾಟದ ಸೋಲೇ? ‘ಹೌದು’ ಎಂದು ಬರೆದ ವಿದ್ಯಾರ್ಥಿಗೂ ‘ಅಲ್ಲ’ ಎಂದವನಿಗೂ ನಾನು ಪೂರ್ಣ ಅಂಕ ಕೊಡಬಲ್ಲೆ, ಇಬ್ಬರೂ ಪುಸ್ತಕದ ಯಾವ ಮಾತಿನಿಂದ ಹಾಗೆನ್ನಿಸಿತು ಎಂಬುದನ್ನು ಪುಟಸಂಖ್ಯೆಯೊಡನೆ ತೋರಿಸಿದರೆ ಸಾಕು.

ಲೇಖಕರ ಪರಿಚಯಕ್ಕೆ ಎರಡು ವಾಕ್ಯ ಧಾರಾಳವಾಯಿತು. ‘ನೀತಿ’ ಎಂಬ ಶೀರ್ಷಿಕೆಯನ್ನಂತೂ ಶಿಕ್ಷಕರು ಕೈಬಿಟ್ಟು, ಆ ಅಂಕಗಳನ್ನು ‘ನನಗೆ ಬಗೆಹರಿಯದ ಒಂದು ಪ್ರಶ್ನೆ’ ಎಂಬುದಕ್ಕೆ ಮೀಸಲಿಡಬೇಕೆಂದು ಮನಸಾರೆ ಕೇಳಿಕೊಳ್ಳುತ್ತೇನೆ.