ಎಂ 101 ಚಿತ್ರಜೋಡಣೆ: ಕಾಣೆಯಾಗಿದ್ದ ಸುರುಳಿ ತೋಳುಗಳು

2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ ಅವರು ಎಂ 101 ಎಂಬ ಸುರುಳಿ ಗೆಲಾಕ್ಸಿಯಲ್ಲಿ ಸೂಪರ್‌ನೋವಾವೊಂದನ್ನು (ನಕ್ಷತ್ರದ ಸ್ಫೋಟವನ್ನು) ಗುರುತಿಸಿದ ಮೇಲೆ, ಗೌರಿಬಿದನೂರಿನ ಆಚೆಗಿರುವ ನಮ್ಮ ಹೊಲದಿಂದ ನಾನು ನಾಲ್ಕು ರಾತ್ರಿ ಅದರ ಚಿತ್ರ ತೆಗೆದಿದ್ದೆ. ಮರೀಚಿ, ವಸಿಷ್ಠ ನಕ್ಷತ್ರಗಳೊಡನೆ ತ್ರಿಕೋನವಾಗಿ ನಿಲ್ಲುವ ಈ ಗೆಲಾಕ್ಸಿ ನಮ್ಮಲ್ಲಿ ಉತ್ತರ ದಿಗಂತದಿಂದ ಸುಮಾರು 49 ಡಿಗ್ರಿ ಮೇಲೇರುತ್ತದೆ. ಸ್ಫೋಟದ ಬೆಳಕನ್ನಷ್ಟೇ ಅಳೆಯಬೇಕಾದರೆ ಅದಕ್ಕೂ ಮೊದಲಿನ ಚಿತ್ರವನ್ನು ನನ್ನ ಚಿತ್ರದಿಂದ ಕಳೆಯಬೇಕು. ಮೋಡ ಮುಸುಕಿದ ಈ ತಿಂಗಳಲ್ಲಿ ಆ ಹಳೆಯ ಚಿತ್ರವನ್ನು ಸಿದ್ಧಪಡಿಸುವ ಕೆಲಸಕ್ಕೆ ಕೂತಿದ್ದೇನೆ.

ಆಧಾರವಾಗಿ ಬಳಸಿದ್ದು ಅಮೆರಿಕದ ಆಕಾಶ ಸಮೀಕ್ಷೆಯಾದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೇಯ 2.5 ಮೀಟರ್ ದೂರದರ್ಶಕದ ಕೆಂಪು ಫಿಲ್ಟರ್ ಚಿತ್ರಗಳನ್ನು. ಇವು ಈಗಾಗಲೇ ಸಂಸ್ಕರಿಸಿದ, ಖಗೋಳ ಚಿತ್ರಗಳಿಗೆ ಬಳಸುವ ಫಿಟ್ಸ್ ಮಾದರಿಯ ಕಡತಗಳು: ಆಕಾಶದ ಹಿನ್ನೆಲೆ ಬೆಳಕನ್ನು ಕಳೆಯಲಾಗಿದೆ, ಸ್ಥಾನಾಂಕಗಳು ಕಡತದ ತಲೆಬರಹದಲ್ಲಿಯೇ (ಹೆಡರ್) ಇವೆ, ಪಿಕ್ಸೆಲ್ ಮೌಲ್ಯಗಳು ನ್ಯಾನೊಮ್ಯಾಗಿ ಎಂಬ ಬೆಳಕಿನ ಮಾನದಲ್ಲಿವೆ (1 ನ್ಯಾನೊಮ್ಯಾಗಿ ಎಂದರೆ 22.5 ಕಾಂತಿಮಾನ). 0.396 ಆರ್ಕ್‌ಸೆಕೆಂಡ್ (ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್) ಪಿಕ್ಸೆಲ್‌ಗಳ, 2048ಕ್ಕೆ 1489 ಅಳತೆಯ ಒಂದು ಚಿತ್ರ ಆಕಾಶದಲ್ಲಿ 13.5ಕ್ಕೆ 9.8 ಆರ್ಕ್‌ಮಿನಿಟ್‌ನಷ್ಟು ಜಾಗವನ್ನು ಮಾತ್ರ ಹಿಡಿಯುವುದರಿಂದ, 28 ಆರ್ಕ್‌ಮಿನಿಟ್ ಅಗಲದ ಎಂ 101ಕ್ಕೆ ಒಟ್ಟು 14 ಕಡತಗಳು ಬೇಕಾದವು. ಟರ್ಮಿನಲ್‌ನಲ್ಲಿ, ಚಿತ್ರಗಳನ್ನು ಒಂದಾಗಿ ಜೋಡಿಸುವ ಸ್ವಾರ್ಪ್ ತಂತ್ರಾಂಶಕ್ಕೆ ಅವುಗಳ ಪಟ್ಟಿಯನ್ನು ಕೊಟ್ಟು ನಡೆಸಿದೆ.

ಮೊದಲ ಜೋಡಣೆ ನೋಡುವುದಕ್ಕೆ ಬಹಳ ನಯವಾಗಿತ್ತು, ಅಂಚುಗಳೇ ಕಾಣುತ್ತಿರಲಿಲ್ಲ. ಹತ್ತು ನಕ್ಷತ್ರಗಳ ಕಾಂತಿಯನ್ನು ಮೂಲ ಕಡತದಲ್ಲಿಯೂ ಜೋಡಿಸಿದ ಚಿತ್ರದಲ್ಲಿಯೂ ಅಳೆದು, ಎರಡೂ ಒಂದೇ ಬಂದದ್ದರಿಂದ ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ಪಕ್ಕದಲ್ಲಿ ಕೂತಿದ್ದ ತಮ್ಮ, "ಅಣ್ಣ, ಗೆಲಾಕ್ಸಿ ಸುತ್ತ ಆಕಾಶಕ್ಕಿಂತಲೂ ಕಪ್ಪಗಿದೆಯಲ್ಲ" ಎಂದ. ಕರ್ಸರ್ ಇಟ್ಟು ನೋಡಿದರೆ ತೋಳುಗಳ ನಡುವಿನ ಪಿಕ್ಸೆಲ್‌ಗಳೆಲ್ಲ ಋಣಸಂಖ್ಯೆಗಳಾಗಿದ್ದವು.

ಸ್ವಾರ್ಪ್ ತಾನಾಗಿಯೇ ಇನ್ನೊಮ್ಮೆ ಹಿನ್ನೆಲೆಯನ್ನು ಅಂದಾಜಿಸಿ ಕಳೆಯುತ್ತದೆ, ಮತ್ತು ಆ ಅಂದಾಜಿನ ಚೌಕ 128 ಪಿಕ್ಸೆಲ್, ಅಂದರೆ ಸುಮಾರು 51 ಆರ್ಕ್‌ಸೆಕೆಂಡ್. ಇಷ್ಟು ಚಿಕ್ಕ ಚೌಕಕ್ಕೆ ಸುರುಳಿ ತೋಳಿನ ಹರಡಿದ ಬೆಳಕೂ ಆಕಾಶದ ಬೆಳಕಿನಂತೆಯೇ ತೋರುವುದರಿಂದ ತೋಳುಗಳೇ ಸವೆದುಹೋಗಿದ್ದವು. ನಕ್ಷತ್ರವನ್ನು ಅಳೆಯುವಾಗ ಅದರ ಸುತ್ತಲಿನ ಹಿನ್ನೆಲೆಯನ್ನು ಹೇಗೂ ಕಳೆಯುತ್ತೇವಾದ್ದರಿಂದ ನನ್ನ ಪರೀಕ್ಷೆಗೆ ಈ ತಪ್ಪು ಸಿಗುವಂತೆಯೇ ಇರಲಿಲ್ಲ. ಸೂಪರ್‌ನೋವಾ ಇದ್ದದ್ದು ಪೂರ್ವದ ತೋಳಿನಲ್ಲಿ, ಎನ್‌ಜಿಸಿ 5461 ಎಂಬ ಅನಿಲ ಪ್ರದೇಶದ ಸಮೀಪ. ನನಗೆ ಬೇಕಾಗಿದ್ದ ಜಾಗಕ್ಕೇ ಪೆಟ್ಟು ಬಿದ್ದಿತ್ತು. ಚೌಕವನ್ನು ಹಿಗ್ಗಿಸುವ ಯೋಚನೆಯನ್ನೂ ಕೈಬಿಟ್ಟೆ, ಏಕೆಂದರೆ ನಡುವಿನ ಕಡತಗಳಲ್ಲಿ ಬರಿಯ ಆಕಾಶವೆನ್ನಬಹುದಾದ ಜಾಗವೇ ಇಲ್ಲ.

ಹಿನ್ನೆಲೆ ಕಳೆಯಬೇಕೇ ಎಂಬುದನ್ನು ನಿರ್ಧರಿಸುವ ಸಬ್‌ಟ್ರ್ಯಾಕ್ಟ್ ಬ್ಯಾಕ್ ಆಯ್ಕೆಗೆ 'ಎನ್' (ಬೇಡ) ಕೊಟ್ಟು ಮತ್ತೆ ನಡೆಸಿದಾಗ ತೋಳುಗಳು ಮಂದವಾದ ಹೊರ ಅಂಚಿನವರೆಗೂ ಮರಳಿದವು. ಎರಡು ಕಡತಗಳು ಸೇರುವಲ್ಲಿ ತೆಳುವಾದ ಗೆರೆಯೊಂದು ಈಗ ಕಾಣುತ್ತದೆ; ಅದು ಸೂಪರ್‌ನೋವಾದಿಂದ ದೂರದಲ್ಲಿರುವುದರಿಂದ ಹಾಗೆಯೇ ಬಿಟ್ಟಿದ್ದೇನೆ. ಅಮೆರಿಕದ ಆ ದೂರದರ್ಶಕದಲ್ಲಿ ನಕ್ಷತ್ರಗಳು ನನ್ನ ಚಿತ್ರದಲ್ಲಿರುವುದಕ್ಕಿಂತ ಚೂಪಾಗಿವೆ. ಕಳೆಯುವ ಮೊದಲು ಅವುಗಳ ಆಕಾರವನ್ನು ನನ್ನ ಚಿತ್ರಕ್ಕೆ ಸರಿಹೊಂದಿಸಬೇಕಾಗಿದ್ದು, ಮೊದಲ ರಾತ್ರಿಯ ಚಿತ್ರದಿಂದ ಆ ಕೆಲಸವನ್ನು ಆರಂಭಿಸಿದ್ದೇನೆ.