ಮೇಯ್ನ್‌ನ ಪೋರ್ಟ್‌ಲ್ಯಾಂಡ್: ಒಂದು ವಾರಾಂತ್ಯ, ಮೀನು ಮತ್ತು ಬಿಯರ್

ಪೋರ್ಟ್‌ಲ್ಯಾಂಡ್ ಅಂದ ಕೂಡಲೇ ತುಂಬಾ ಜನ ಒರೆಗಾನ್ ಕಡೆ ಹೊರಡುತ್ತಾರೆ. ನಾನು ಹೇಳುತ್ತಿರುವುದು ಅಮೆರಿಕದ ಪೂರ್ವ ಕರಾವಳಿಯ ಪೋರ್ಟ್‌ಲ್ಯಾಂಡ್, ಮೇಯ್ನ್ ರಾಜ್ಯದ್ದು. ಎಪ್ಪತ್ತು ಸಾವಿರ ಜನರೂ ಇಲ್ಲದ ಬಂದರು ಊರು. ಬಾಸ್ಟನ್‌ಗೆ ಕೆಲಸಕ್ಕೆ ಬಂದ ಮೇಲೆ ನಾನು ಮತ್ತೆ ಮತ್ತೆ ಹೋಗುವುದು ಇಲ್ಲಿಗೇ. ಸೆಪ್ಟೆಂಬರ್ ಕೊನೆಗೆ ಕಾಲೇಜಿನ ಗೆಳೆಯರು ಬರುತ್ತಿದ್ದಾರೆ. ಒಬ್ಬನಿಗೆ ಬಿಯರ್ ಅಂದರೆ ಪ್ರಾಣ. ಒಬ್ಬಳು ಸಸ್ಯಾಹಾರಿ, ಆದರೆ ಬಿಯರ್ ಕುಡಿಯುತ್ತಾಳೆ. ಇನ್ನೊಬ್ಬ ಬಿಯರ್ ಮುಟ್ಟುವುದಿಲ್ಲ, ಮೀನು ಮಾತ್ರ ಸಾಕು ಅನ್ನುತ್ತಾನೆ. ಇವರೆಲ್ಲರಿಗೂ ಒಪ್ಪುವ ಹಾಗೆ ಎರಡು ದಿನ ಹೊಂದಿಸುತ್ತಾ ಕೂತಿದ್ದೇನೆ. ಇದೇ ಊರಿಗೆ ಹೊರಟವರು ಇನ್ನೂ ಯಾರಾದರೂ ಇದ್ದರೆ ಅವರಿಗೂ ಉಪಯೋಗವಾಗಲಿ.

ಗೆಳೆಯ ಆಗಲೇ ಬ್ರೂವರಿಗಳ, ಅಂದರೆ ಬಿಯರ್ ತಯಾರಿಸುವ ಜಾಗಗಳ, ಉದ್ದ ಪಟ್ಟಿ ಕಳಿಸಿದ್ದಾನೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದು ಹಾಕಿದೆ. ಈ ಊರಿನಲ್ಲಿ ಮೊದಲು ಗೊತ್ತು ಮಾಡಿಕೊಳ್ಳಬೇಕಾದ್ದು ಏನು ಕುಡಿಯಬೇಕು ಅನ್ನುವುದಲ್ಲ, ಎಲ್ಲಿಂದ ಎಲ್ಲಿಗೆ ನಡೆಯಬಹುದು ಅನ್ನುವುದು. ಕುಡಿದವರು ಕಾರು ಓಡಿಸುವ ಹಾಗಿಲ್ಲ. ಪ್ರತಿ ಸಲ ಟ್ಯಾಕ್ಸಿ ಕರೆದು ಕಾಯುತ್ತಾ ನಿಂತರೆ ಇರುವ ಎರಡು ದಿನ ರಸ್ತೆ ಬದಿಯಲ್ಲೇ ಕಳೆದುಹೋಗುತ್ತವೆ. ಆದ್ದರಿಂದ ಕಾರೇ ಬೇಡ. ಬಾಸ್ಟನ್‌ನ ನಾರ್ತ್ ಸ್ಟೇಷನ್‌ನಿಂದ ಡೌನ್‌ಈಸ್ಟರ್ ರೈಲು ಇದೆ. ಸುಮಾರು ಎರಡೂವರೆ ಗಂಟೆ.

ಶನಿವಾರ ಬೆಳಿಗ್ಗೆಯ ರೈಲಿನಲ್ಲಿ ಬಂದು, ಬ್ಯಾಗ್ ಇಟ್ಟು, ಸೀದಾ ಬಂದರಿಗೆ ಹೋಗುವುದು. ಕಮರ್ಷಿಯಲ್ ಸ್ಟ್ರೀಟ್ ಅಂತ ನೀರಿನ ಪಕ್ಕದ ರಸ್ತೆ. ಇಲ್ಲಿನ ಕಟ್ಟೆಗಳಲ್ಲಿ ಇವತ್ತಿಗೂ ಮೀನಿನ ದೋಣಿಗಳು ನಿಲ್ಲುತ್ತವೆ. ಹಾರ್ಬರ್ ಫಿಶ್ ಮಾರ್ಕೆಟ್‌ಗೆ ಏನೂ ಕೊಳ್ಳುವುದಿಲ್ಲ ಅಂದರೂ ಒಮ್ಮೆ ಒಳಗೆ ಹೋಗಿ ಬನ್ನಿ. ತೊಟ್ಟಿಯಲ್ಲಿ ಜೀವಂತ ಲಾಬ್ಸ್ಟರ್ (ದೊಡ್ಡ ಸಮುದ್ರ ಸೀಗಡಿಯಂಥದ್ದು), ಐಸ್ ಮೇಲೆ ಹ್ಯಾಡಕ್ ಮೀನು, ಒದ್ದೆ ನೆಲ, ಉಪ್ಪಿನ ವಾಸನೆ. ಸಂಜೆ ತಟ್ಟೆಗೆ ಬರುವುದು ಎಂಥದ್ದು ಅಂತ ಇಲ್ಲೇ ಗೊತ್ತಾಗುತ್ತದೆ.

ಸೆಪ್ಟೆಂಬರ್ ಕೊನೆ ಅಂತ ನಾನು ಹಠ ಹಿಡಿದದ್ದಕ್ಕೂ ಲಾಬ್ಸ್ಟರ್ ಒಂದು ಕಾರಣ. ಬೇಸಿಗೆಯಲ್ಲಿ ಅವು ಹಳೇ ಚಿಪ್ಪು ಕಳಚಿ ಹೊಸದು ಬೆಳೆಸುತ್ತವೆ. ಹೊಸ ಚಿಪ್ಪು ಮೆತ್ತಗಿರುತ್ತದೆ, ಕೈಯಲ್ಲೇ ಒಡೆಯಬಹುದು. ಒಳಗೆ ಮಾಂಸ ಸ್ವಲ್ಪ ಕಡಿಮೆ, ಆದರೆ ಸಿಹಿ. ದೂರದ ಪ್ರಯಾಣವನ್ನು ಈ ಮೆತ್ತನೆಯವು ಸರಿಯಾಗಿ ತಡೆಯುವುದಿಲ್ಲ. ಅದಕ್ಕೇ ಹಿಡಿದ ಊರಿನಲ್ಲೇ ತಿನ್ನಬೇಕು. ಮೇಯ್ನ್‌ನ ಮೀನುಗಾರರ ಇನ್ನೊಂದು ಪದ್ಧತಿ ನನಗೆ ತುಂಬಾ ಹಿಡಿಸುತ್ತದೆ. ಮೊಟ್ಟೆ ಹೊತ್ತ ಹೆಣ್ಣು ಲಾಬ್ಸ್ಟರ್ ಬೋನಿಗೆ ಸಿಕ್ಕರೆ ಬಾಲದಲ್ಲಿ ಸಣ್ಣದೊಂದು ಗುರುತು ಕತ್ತರಿಸಿ ನೀರಿಗೆ ಬಿಡುತ್ತಾರೆ. ಆ ಗುರುತು ಇರುವುದನ್ನು ಮುಂದೆ ಯಾರೂ ಇಟ್ಟುಕೊಳ್ಳುವ ಹಾಗಿಲ್ಲ, ಮೊಟ್ಟೆ ಇರಲಿ, ಬಿಡಲಿ.

ಮಧ್ಯಾಹ್ನ ಮಿಡಲ್ ಸ್ಟ್ರೀಟ್‌ನ ಈವೆಂಟೈಡ್. 2012ರಲ್ಲಿ ಶುರುವಾದ ಸಣ್ಣ ಜಾಗ, ಯಾವಾಗಲೂ ಜನ. ಹನ್ನೊಂದೂವರೆ ಹೊತ್ತಿಗೇ ಹೋಗಿ ನಿಲ್ಲಬೇಕು ಅಂದುಕೊಂಡಿದ್ದೇನೆ. ದೊಡ್ಡ ಗ್ರಾನೈಟ್ ಕಲ್ಲನ್ನು ಕೊರೆದು ಐಸ್ ತುಂಬಿ, ಅದರ ಮೇಲೆ ಓಯ್ಸ್ಟರ್ ಅನ್ನುವ ಚಿಪ್ಪುಜೀವಿ ಜೋಡಿಸಿಟ್ಟಿರುತ್ತಾರೆ. ಡ್ಯಾಮರಿಸ್ಕಾಟಾ ನದಿಯವು ಇದ್ದರೆ ಮೊದಲು ಅವನ್ನೇ ಕೇಳಿ. ತಣ್ಣನೆಯ ನೀರಿನಲ್ಲಿ ನಿಧಾನವಾಗಿ ಬೆಳೆದವು, ಗಟ್ಟಿಯಾಗಿ, ಉಪ್ಪುಪ್ಪಾಗಿ ಇರುತ್ತವೆ. ಆಮೇಲೆ ಬ್ರೌನ್ ಬಟರ್ ಲಾಬ್ಸ್ಟರ್ ರೋಲ್. ಆವಿಯಲ್ಲಿ ಬೆಂದ ಮೆತ್ತನೆಯ ಬನ್ನು, ಒಳಗೆ ಬೆಣ್ಣೆಯಲ್ಲಿ ಹೊರಳಿಸಿದ ಲಾಬ್ಸ್ಟರ್. ಚಿಕ್ಕದೇ, ಆದರೂ ಒಬ್ಬರಿಗೆ ಒಂದೇ ಹೇಳಿ. ಮುಂದೆ ತಿನ್ನುವುದು ಬೇಕಾದಷ್ಟಿದೆ.

ಜೊತೆಗೆ ಇದೇ ಊರಿನ ಅಲಗ್ಯಾಶ್ ಬ್ರೂವರಿಯ ಅಲಗ್ಯಾಶ್ ವೈಟ್. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಬೆಲ್ಜಿಯಂ ಶೈಲಿಯ ಗೋಧಿ ಬಿಯರ್, ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿದ್ದು, ಆಲ್ಕೋಹಾಲ್ 5.2 ಪರ್ಸೆಂಟ್. ಓಯ್ಸ್ಟರ್‌ನ ಉಪ್ಪಿನ ಮೇಲೆ ಅದರ ಹುಳಿ, ಹಗುರ ಘಮ ಬಂದು ಕೂತಾಗ ಎರಡೂ ರುಚಿ ಉಳಿಯುತ್ತವೆ. ಅದೇ ಜಾಗದಲ್ಲಿ ಹಾಪ್ಸ್ ಅನ್ನುವ ಕಹಿ ಹೂವು ತುಂಬಿದ ಐಪಿಎ ಬಿಯರ್ ಕುಡಿದರೆ ಓಯ್ಸ್ಟರ್ ತಿಂದದ್ದೇ ನಾಲಿಗೆಗೆ ಗೊತ್ತಾಗುವುದಿಲ್ಲ. ಐಪಿಎ ಭಾನುವಾರಕ್ಕೆ ಇರಲಿ.

ಊಟ ಆದ ಮೇಲೆ ಒಂದೇ ಒಂದು ಟ್ಯಾಕ್ಸಿ, ಇಂಡಸ್ಟ್ರಿಯಲ್ ವೇಗೆ. ಊರ ಹೊರಗಿನ ಗೋದಾಮುಗಳ ರಸ್ತೆ. ನೋಡಲು ಏನೂ ಚೆನ್ನಾಗಿಲ್ಲ, ಆದರೆ ಇಲ್ಲಿನ ಬಿಯರ್ ಕತೆ ಇಲ್ಲೇ ಬೆಳೆದದ್ದು. ರಾಬ್ ಟಾಡ್ 1995ರಲ್ಲಿ ಅಲಗ್ಯಾಶ್ ಶುರು ಮಾಡಿದರು. ಇವರ ಹತ್ತಿರ ಕೂಲ್‌ಶಿಪ್ ಅನ್ನುವ ಅಗಲವಾದ, ಆಳ ಕಡಿಮೆಯ ತೊಟ್ಟಿ ಇದೆ. ಕುದಿಸಿದ ಧಾನ್ಯದ ರಸವನ್ನು ರಾತ್ರಿಯಿಡೀ ಅದರಲ್ಲಿ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಯೀಸ್ಟ್ ತಾನಾಗಿ ಬಂದು ಸೇರುತ್ತದೆ. ಆಮೇಲೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಹುಳಿ ಬಿಯರ್ ಇಷ್ಟಪಡುವವರು ಅದೊಂದನ್ನು ಕೇಳಿ ನೋಡಲೇಬೇಕು. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಫೌಂಡೇಶನ್, ಬ್ಯಾಟರಿ ಸ್ಟೀಲ್ ಅನ್ನುವ ಬ್ರೂವರಿಗಳಿವೆ. ಎರಡನೆಯ ಬ್ರೂವರಿ ಆದ ಮೇಲೆ ನಿಲ್ಲಿಸಬೇಕು ಅಂತ ಈಗಲೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದೇನೆ. ಮೂರನೆಯ ಕಡೆ ಕುಡಿದದ್ದರ ರುಚಿ ಯಾರಿಗೂ ನೆನಪಿರುವುದಿಲ್ಲ ಅಲ್ವಾ.

ಪಟ್ಟಿಯಿಂದ ಹೊಡೆದು ಹಾಕಿದ್ದರಲ್ಲಿ ಮನಸ್ಸಿಗೆ ಬೇಸರವಾದದ್ದು ಫ್ರೀಪೋರ್ಟ್‌ನ ಮೇಯ್ನ್ ಬಿಯರ್ ಕಂಪನಿ. ಅವರ ‘ಲಂಚ್’ ಐಪಿಎಗೆ ಆ ಹೆಸರು ಬಂದದ್ದು ಈ ಕರಾವಳಿಯಲ್ಲಿ ಕಾಣಿಸುವ ಒಂದು ತಿಮಿಂಗಿಲದಿಂದ. ಅದರ ರೆಕ್ಕೆಯಲ್ಲಿ ಯಾರೋ ಕಚ್ಚಿದಂಥ ಗುರುತಿದೆಯಂತೆ. ಆದರೆ ಫ್ರೀಪೋರ್ಟ್ ಬೇರೆಯೇ ಊರು, ಹೋಗಿ ಬರಲು ಅರ್ಧ ದಿನ ಬೇಕು. ಆ ಬಿಯರ್ ಪೋರ್ಟ್‌ಲ್ಯಾಂಡ್‌ನಲ್ಲೂ ಸಿಗುತ್ತದೆ.

ಸಂಜೆ ಗ್ರಿಟಿ ಮ್ಯಾಕ್‌ಡಫ್ಸ್‌ನಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂರುವುದು. 1988ರಿಂದ ಇರುವ ಪಬ್, ಬ್ಲ್ಯಾಕ್ ಫ್ಲೈ ಸ್ಟೌಟ್ ಅನ್ನುವ ಕಪ್ಪು ಬಿಯರ್ ಚೆನ್ನಾಗಿದೆ. ಇಷ್ಟೊಂದು ಬಿಯರ್ ಹರಿಯುವ ಈ ಊರಿನ ಹಿಂದಿನ ಕತೆ ಅಲ್ಲಿ ಕೂತು ಗೆಳೆಯರಿಗೆ ಹೇಳಬೇಕು. ಇಲ್ಲಿನ ಮೇಯರ್ ಆಗಿದ್ದ ನೀಲ್ ಡೌ ಹಠ ಹಿಡಿದು 1851ರಲ್ಲಿ ಮೇಯ್ನ್ ರಾಜ್ಯದಲ್ಲಿ ಮದ್ಯ ಮಾರಾಟ ನಿಲ್ಲಿಸುವ ಕಾನೂನು ತಂದರು. ಬೇರೆ ರಾಜ್ಯಗಳೂ ಅದನ್ನೇ ನೋಡಿ ಕಾನೂನು ಮಾಡಿದವು. 1855ರ ಜೂನ್‌ನಲ್ಲಿ, ಡೌ ಅವರೇ ಊರಿಗೆ ಮದ್ಯ ತರಿಸಿಟ್ಟಿದ್ದಾರೆ ಅನ್ನುವ ಸುದ್ದಿ ಹಬ್ಬಿತು. ಅದು ಔಷಧಿಗಾಗಿ ತರಿಸಿದ್ದು. ಜನ ಸೇರಿದರು, ಗಲಾಟೆ ಆಯಿತು, ಗುಂಡು ಹಾರಿ ಒಬ್ಬ ಸತ್ತ. ಬಹಳ ಕಾಲದ ಮೇಲೆ, 1986ರಲ್ಲಿ, ಗಿಯರೀಸ್ ಅನ್ನುವ ಸಣ್ಣ ಬ್ರೂವರಿ ಇಲ್ಲಿ ಮತ್ತೆ ಬಿಯರ್ ತಯಾರಿಸಿ ಮಾರಿತು. ಬಂದರಿನಲ್ಲಿ ಮೀನಿನ ಹರಾಜು ಕಟ್ಟೆ, ಅಂದರೆ ಫಿಶ್ ಎಕ್ಸ್‌ಚೇಂಜ್, ಶುರುವಾದದ್ದೂ ಅದೇ ವರ್ಷ. ನಾವು ಎರಡು ದಿನ ತಿಂದು ಕುಡಿಯುವುದಕ್ಕೆಲ್ಲ ಆ ವರ್ಷವೇ ದಾರಿ ಮಾಡಿತು ಅನ್ನಿಸುತ್ತದೆ ನನಗೆ.

ಸಸ್ಯಾಹಾರಿ ಗೆಳತಿಗೆ ಒಂದು ಎಚ್ಚರಿಕೆ ಬರೆದು ಕಳಿಸಿದ್ದೇನೆ. ಇಲ್ಲಿ ಎಲ್ಲರೂ ಹೊಗಳುವ ಡಕ್‌ಫ್ಯಾಟ್‌ನ ಆಲೂಗಡ್ಡೆ ಫ್ರೈಸ್ ಕರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಅವಳಿಗಾಗಿ ಕಾಂಗ್ರೆಸ್ ಸ್ಟ್ರೀಟ್‌ನ ಗ್ರೀನ್ ಎಲಿಫೆಂಟ್ ನೋಡಿಟ್ಟಿದ್ದೇನೆ, ಪೂರ್ತಿ ಸಸ್ಯಾಹಾರ. ಶನಿವಾರ ರಾತ್ರಿ ಎಲ್ಲರೂ ಅಲ್ಲೇ. ದಿನವಿಡೀ ಬೆಣ್ಣೆ, ಮೀನು ತಿಂದ ಹೊಟ್ಟೆಗೂ ಅದು ಒಳ್ಳೆಯದು.

ಭಾನುವಾರ ಬೆಳಿಗ್ಗೆ ಹೋಲಿ ಡೋನಟ್. ಮೇಯ್ನ್ ಆಲೂಗಡ್ಡೆ ಹಾಕಿ ಮಾಡುವ ಡೋನಟ್, ಒಳಗೆ ತೇವ ಇರುತ್ತದೆ. ಕೈಯಲ್ಲಿ ಕಾಫಿ ಹಿಡಿದು ಪೀಕ್ಸ್ ಐಲ್ಯಾಂಡ್‌ನ ಫೆರಿ ಹತ್ತುವುದು. ಇಪ್ಪತ್ತು ನಿಮಿಷದೊಳಗೆ ದ್ವೀಪ. ಸುತ್ತಲಿನ ರಸ್ತೆಯಲ್ಲಿ ಒಂದು ಸುತ್ತು ನಡೆದರೆ ಹಸಿವು ತಾನಾಗಿ ಬರುತ್ತದೆ. ವಾಪಸ್ ಬಂದು ವಾಷಿಂಗ್ಟನ್ ಅವೆನ್ಯೂ ಕಡೆ ಮಧ್ಯಾಹ್ನದ ಊಟ, ಬೇಕಿದ್ದವರಿಗೆ ಆಕ್ಸ್‌ಬೋ ಬ್ರೂವರಿಯಲ್ಲಿ ಒಂದು ಸೇಸನ್, ಅಂದರೆ ಬೆಲ್ಜಿಯಂ ಶೈಲಿಯ ಬಿಯರ್.

ಕೊನೆಯದು ಬಿಸೆಲ್ ಬ್ರದರ್ಸ್ ಬ್ರೂವರಿ. ಅದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಅದು ಇರುವ ಥಾಂಪ್ಸನ್ಸ್ ಪಾಯಿಂಟ್ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ, ಬ್ಯಾಗ್ ಎತ್ತಿಕೊಂಡು ನಡೆದೇ ಹೋಗಬಹುದು. ಅವರ ‘ಸಬ್‌ಸ್ಟೆನ್ಸ್’ ಐಪಿಎ ಮಬ್ಬು ಬಣ್ಣದ್ದು, ಹಾಪ್ಸ್ ಜೋರು. ಆ ಹೊತ್ತಿಗೆ ಮೀನಿನ ಊಟ ಎಲ್ಲಾ ಮುಗಿದಿರುತ್ತದೆ, ಆದ್ದರಿಂದ ಏನೂ ಹಾಳಾಗುವುದಿಲ್ಲ. ಮನೆಗೆ ಕ್ಯಾನ್ ಕೊಳ್ಳಬಹುದು. ಆದರೆ ರೈಲಿನ ಸೀಟಿನಲ್ಲಿ ಕೂತು ಒಡೆಯುವ ಹಾಗಿಲ್ಲ, ಹೊರಗಿನಿಂದ ತಂದ ಮದ್ಯ ಅಲ್ಲಿ ಕುಡಿಯಲು ಬಿಡುವುದಿಲ್ಲ.

ಭಾರತದಿಂದ ಬರುವವರು ಪಾಸ್‌ಪೋರ್ಟ್ ಜೇಬಿನಲ್ಲೇ ಇಟ್ಟುಕೊಂಡಿರಿ. ವಯಸ್ಸು ಇಪ್ಪತ್ತೊಂದು ಆಗಿದೆ ಅಂತ ತೋರಿಸದಿದ್ದರೆ ಬಿಯರ್ ಕೊಡುವುದಿಲ್ಲ, ತಲೆ ನರೆತಿದ್ದರೂ ಕೇಳುತ್ತಾರೆ. ಹೋಟೆಲ್ ಮತ್ತು ಅಲಗ್ಯಾಶ್ ಟೂರ್ ಈ ವಾರವೇ ಬುಕ್ ಮಾಡುತ್ತಿದ್ದೇನೆ. ರೈಲಿನ ಟಿಕೆಟ್ ಆಗಿದೆ.